ಹಡಗಿನ ಮಾಳಿಗೆ

ದೇವರಾಯಸಮುದ್ರದವರಿಗೆ ಸಮುದ್ರವೆಂದರೆ ಊರ ಹೆಸರಿನಲ್ಲಿ ಇರುವುದಷ್ಟೇ, ಕಣ್ಣಿಗೆ ಕಾಣುವುದು ಕೆರೆ. ನಿಜವಾದ ಸಮುದ್ರ ಕಂಡು, ಅದರ ಮೇಲೆ ಐದಾರು ವರ್ಷ ಬದುಕಿ ಬಂದವನು ನಮ್ಮೂರಲ್ಲಿ ಕದಿರೇಶ ಒಬ್ಬನೇ. ತಿಮಿಂಗಿಲ ಕಂಡೆ, ಬಿರುಗಾಳಿಗೆ ಸಿಕ್ಕಿಕೊಂಡೆ ಎಂದಿದ್ದರೆ ನಂಬುವುದಕ್ಕೆ ನಾವೆಲ್ಲ ತಯಾರಾಗಿಯೇ ಇದ್ದೆವು. ಅವನು ಹೇಳುತ್ತಿದ್ದುದು ಕುರ್ಚಿಗಳ ವಿಷಯ.

ಮೊದಲು ಅವನು ಚಿನ್ನದ ಗಣಿಯ ಒಬ್ಬ ಇಂಗ್ಲಿಷ್ ದೊರೆಯ ಬಂಗಲೆಯಲ್ಲಿ ಊಟದ ಮೇಜಿನ ಕೆಲಸಕ್ಕಿದ್ದ. ದೊರೆ ನೌಕರಿ ಮುಗಿಸಿ ತನ್ನ ದೇಶಕ್ಕೆ ಹೊರಟಾಗ ಇವನನ್ನು ಬೊಂಬಾಯಿವರೆಗೆ ಕರೆದುಕೊಂಡು ಹೋಗಿ, ಗೆಳೆಯನಾದ ಗಿರಣಿ ಮಾಲೀಕನೊಬ್ಬನಿಗೆ ಒಪ್ಪಿಸಿ ಹೋದ. ಆ ಮಾಲೀಕನಿಗೆ ಸ್ವಂತದ್ದೊಂದು ಮೋಟಾರು ಹಡಗಿತ್ತು. ಸರಕಿನದಲ್ಲ, ಪ್ರಯಾಣಿಕರದೂ ಅಲ್ಲ. ಸ್ನೇಹಿತರನ್ನು ಕೂರಿಸಿಕೊಂಡು ಸಂಜೆ ಸಮುದ್ರದಲ್ಲಿ ಒಂದು ಸುತ್ತು ಹಾಕಿ ಬರುವುದಕ್ಕೆಂದೇ ಕಟ್ಟಿಸಿದ್ದು. "ಎಲ್ಲಿಗೂ ಹೋಗ್ದೆ ಇರೋಕೆ ಹಡಗು ಯಾಕೋ" ಎಂದು ಕದಿರೇಶನ ತಾಯಿ ಮುನಿಯಲ್ಲಮ್ಮ ಕೇಳಿದ್ದಳು.

ಆ ಹಡಗಿನ ನೆತ್ತಿಯ ಮೇಲೆ ಗೋಡೆಯಿಲ್ಲದ, ಗಾಳಿಗೆ ತೆರೆದುಕೊಂಡ ಒಂದು ಅಂಗಳವಿತ್ತು. ಅತಿಥಿಗಳು ಕೂರುವ ಜಾಗ ಅದೇ. ಖಲಾಸಿಗಳು ಮೇಲ್ಡೆಕ್ಕು ಎನ್ನುತ್ತಿದ್ದರಂತೆ, ನಾವು ಹಡಗಿನ ಮಾಳಿಗೆ ಎಂದೆವು. ತೇಗದ ಹಲಗೆಯ ನೆಲ, ಸುತ್ತ ಹಿತ್ತಾಳೆಯ ಕಂಬಿ, ಮೇಲೆ ಹಸಿರು ಪಟ್ಟೆಯ ಕ್ಯಾನ್ವಾಸು ಚಪ್ಪರ, ಅದರ ಕೆಳಗೆ ಬೆತ್ತದ ಕುರ್ಚಿಗಳು. ಬೆಳಿಗ್ಗೆ ಉಪ್ಪುನೀರಿನಲ್ಲಿ ನೆಲ ಉಜ್ಜಬೇಕು, ಕಂಬಿ ಬೆಳಗಬೇಕು. ಬಿಸಿಲು ಸರಿದಂತೆ ಚಪ್ಪರ ಸರಿಸಬೇಕು. ಗಾಳಿ ಎದ್ದರೆ ಕುರ್ಚಿಗಳನ್ನು ಹಗ್ಗದಿಂದ ಕಟ್ಟಬೇಕು. ಅತಿಥಿಗಳು ಬಂದ ಮೇಲೆ ತಟ್ಟೆ ಹಿಡಿದು ಇಕ್ಕಟ್ಟಾದ ಮೆಟ್ಟಿಲನ್ನು ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಇದೆಲ್ಲ ಕದಿರೇಶನ ಪಾಲು. ಕೆಲಸದವನು ಮಾತ್ರ ಅಲ್ಲಿ ಕೂರುವಂತಿಲ್ಲ. ಅತಿಥಿಗಳು ಇರಲಿ ಬಿಡಲಿ, ಹಡಗು ದಡದಲ್ಲೇ ನಿಂತಿರಲಿ, ಕೂರುವಂತಿಲ್ಲ. ಸೇರಿದ ಹೊಸದರಲ್ಲಿ ಒಮ್ಮೆ ದಣಿದು ಕುರ್ಚಿಯ ತೋಳಿಗೆ ಒರಗಿದವನನ್ನು ಯಜಮಾನ ನೋಡಿದ. ಬೈಯಲಿಲ್ಲ. ಆ ಕುರ್ಚಿಯನ್ನು ಅತಿಥಿಗಳ ಎದುರಿಗೇ ಅವನ ಕೈಯಿಂದ ಸೋಪು ಹಾಕಿ ತೊಳೆಸಿದ. ಈ ಮಾತು ನೆನಪಾದಾಗಲೆಲ್ಲ ನನಗೆ ಆ ಯಜಮಾನನ ಮೇಲೆ ಮೈಯೆಲ್ಲ ಉರಿಯುತ್ತದೆ. ಕದಿರೇಶ ಮಾತ್ರ ಅದನ್ನು, ಕುರ್ಚಿ ತೊಳೆಯುವ ಕ್ರಮ ಹೇಳುವವನ ಹಾಗೆ, ಸಮಾಧಾನವಾಗಿ ಹೇಳುತ್ತಿದ್ದ.

ಎರಡನೇ ಮಹಾಯುದ್ಧ ಶುರುವಾಗಿ ಹಡಗನ್ನು ಸರ್ಕಾರ ತೆಗೆದುಕೊಂಡಿತು. ಯಜಮಾನ ಬೇಡವೆಂದು ಬಿಸಾಡಿದ ಹಳೆಯ ಚಪ್ಪರದ ಬಟ್ಟೆಯನ್ನು ಸುತ್ತಿ ಹೆಗಲಿಗೆ ಹಾಕಿಕೊಂಡು ಕದಿರೇಶ ಊರಿಗೆ ಬಂದ. ಅಷ್ಟರಲ್ಲಿ ತಂದೆ ತೀರಿಕೊಂಡಿದ್ದ, ತಂಗಿ ಶಾಮಲಮ್ಮ ಮದುವೆಗೆ ಬೆಳೆದು ನಿಂತಿದ್ದಳು. ಬಂದ ಸಂಬಂಧಗಳು ಊರ ಬಾಗಿಲಿನಿಂದಲೇ ವಾಪಸು ಹೋಗುತ್ತಿದ್ದವು. ಯಾಕೆಂದು ಎದುರಿಗೆ ಯಾರೂ ಹೇಳಲಿಲ್ಲ, ಬೆನ್ನ ಹಿಂದೆ ಎಲ್ಲರೂ ಹೇಳಿದರು. "ಬೊಂಬಾಯಲ್ಲಿ ಯಾರ್ಯಾರ ಎಂಜಲು ಎತ್ತಿದ್ನೋ, ಏನೇನು ತಿಂದ್ನೋ. ಕುಲ ಉಳಿಸ್ಕೊಂಡಿದಾನೋ ಇಲ್ವೋ."

ನಮ್ಮ ಜನರ ರೂಢಿಯೊಂದನ್ನು ಇಲ್ಲಿ ಹೇಳಬೇಕು. ಕುಲದಿಂದ ಹೊರಗಾದವನು ಪಂಕ್ತಿಯಲ್ಲಿ ಕೂರುವುದಿಲ್ಲ. ಯಾರೂ ಅವನನ್ನು ಎಬ್ಬಿಸುವುದಿಲ್ಲ, ತಾನೇ ತಿಳಿದುಕೊಂಡು ದೂರ ನಿಲ್ಲುತ್ತಾನೆ. ಬೇರೆ ದಿನಗಳಲ್ಲಿ ಬಡಿಸುವ ನೆಪದಲ್ಲಿ ಯಾರು ನಿಂತರೂ ನಡೆಯುತ್ತದೆ. ಸಂಬಂಧದ ಮಾತಿಗೆ ಬಂದ ದಿನ ಹಾಗಲ್ಲ. ಎರಡೂ ಮನೆಯ ಯಜಮಾನರು ಅಕ್ಕಪಕ್ಕ ಕೂತು ಮೊದಲ ತುತ್ತನ್ನು ಒಟ್ಟಿಗೆ ಎತ್ತಬೇಕು. ಆ ದಿನ ಮನೆಯ ಗಂಡಸು ನಿಂತೇ ಇದ್ದರೆ ಬಂದವರು ಇನ್ನೇನನ್ನೂ ವಿಚಾರಿಸುವುದಿಲ್ಲ.

ಸೋದರಮಾವ ಸೊಣ್ಣಪ್ಪ ಅಲೆದಾಡಿ ಲಕ್ಕೂರಿನ ಒಂದು ಮನೆಯವರನ್ನು ಒಪ್ಪಿಸಿದ. ಹುಡುಗನ ತಂದೆ ಕೋದಂಡರಾಮಪ್ಪ ನೇರ ಮನುಷ್ಯ. "ಜನ ಏನಾದ್ರೂ ಅಂದ್ಕೊಳ್ಲಿ. ಹುಡುಗಿ ಅಣ್ಣ ನನ್ನ ಪಕ್ಕ ಕೂತು ಉಂಡ್ರೆ ನಂಗಷ್ಟು ಸಾಕು" ಎಂದಿದ್ದ. ಸೊಣ್ಣಪ್ಪ ಈ ಮಾತನ್ನು ಅಕ್ಕನಿಗೆ ಹೇಳಿದ, ಕದಿರೇಶನಿಗೆ ಹೇಳಲಿಲ್ಲ. ಹುಟ್ಟಿದಾಗಿನಿಂದ ಕಂಡದ್ದನ್ನು ಹೇಳಿಕೊಡುವುದೇನು ಎಂದುಕೊಂಡ.

ಅವರು ಬಂದ ದಿನ ಮನೆಯೊಳಗೆಲ್ಲ ರೇಷ್ಮೆ ಹುಳುವಿನ ತಟ್ಟೆಗಳು. ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿನಲ್ಲಿ ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಹಾಗಾಗಿ ಊಟ ಮಾಳಿಗೆಯ ಮೇಲೆ ಎಂದಾಯಿತು. ಕದಿರೇಶನಿಗೆ ಇದಕ್ಕಿಂತ ಬೇರೆ ಸಂಭ್ರಮ ಬೇಕಿರಲಿಲ್ಲ. ನಾಲ್ಕು ಗಳ ನೆಟ್ಟು ಹಸಿರು ಪಟ್ಟೆಯ ಬಟ್ಟೆಯನ್ನು ಎಳೆದು ಕಟ್ಟಿದ. ಮಣ್ಣಿನ ಮಾಳಿಗೆಯನ್ನು ಸಾರಿಸಿ, ಅಂಚಿಗೆ ಹಗ್ಗ ಬಿಗಿದು, ಚಾಪೆ ಹಾಸಿದ. ಕೆರೆಯ ಮೇಲಿಂದ ಗಾಳಿ ಬೀಸುತ್ತಿತ್ತು. ಏಣಿ ಹತ್ತಿ ಬಂದ ಲಕ್ಕೂರಿನವರು ಸುತ್ತ ನೋಡಿ, ಬಹಳ ಚೆನ್ನಾಗಿದೆ ಎಂದರು. ಮುತ್ತುಗದೆಲೆ ಹಾಕಿದ್ದಾಯಿತು, ಮುದ್ದೆ ಬಂತು, ಸಾರು ಬಂತು.

ಕೋದಂಡರಾಮಪ್ಪನ ಪಕ್ಕದ ಎಲೆ ಖಾಲಿ ಇತ್ತು. ಕದಿರೇಶ ಏಣಿಯ ತಲೆಯ ಹತ್ತಿರ, ಎಡಗೈ ಮೇಲೆ ಮಡಿಸಿದ ಟವಲು ಹಾಕಿಕೊಂಡು, ನೆಟ್ಟಗೆ ನಿಂತಿದ್ದ.

"ಏಮ್ರಾ, ಕೂತ್ಕೊಳೋ" ಎಂದ ಸೊಣ್ಣಪ್ಪ.

"ನೀವು ಮುಗ್ಸಿ ಮಾವ. ನಾನು ಆಮೇಲೆ ಕೆಳಗೆ ಉಣ್ತೀನಿ."

ಸೊಣ್ಣಪ್ಪ ಮತ್ತೊಮ್ಮೆ ಕರೆದ, ಕಣ್ಣಿನಲ್ಲಿ ಗದರಿಸಿದ. ಕದಿರೇಶ ನಕ್ಕು ತಲೆಯಾಡಿಸಿ, ನೀರಿನ ತಂಬಿಗೆ ತರಲು ಏಣಿ ಇಳಿದ. ಅತಿಥಿಗಳನ್ನು ಇಷ್ಟು ಚೆನ್ನಾಗಿ ನೋಡಿಕೊಂಡ ಮನೆ ಈ ಸೀಮೆಯಲ್ಲಿ ಇನ್ನೊಂದಿಲ್ಲ ಎಂಬುದು ಅವನ ಮುಖದಲ್ಲೇ ಬರೆದಂತಿತ್ತು. ಅವನು ತಂಬಿಗೆ ಹಿಡಿದು ಮೇಲೆ ಬರುವಷ್ಟರಲ್ಲಿ ಕೋದಂಡರಾಮಪ್ಪ ಮುಟ್ಟದ ಎಲೆಗೆ ಕೈಮುಗಿದು ಎದ್ದಿದ್ದ. ಒರಟಾಗಿ ಒಂದು ಮಾತೂ ಆಡಲಿಲ್ಲ. "ಬಸ್ಸಿಗೆ ಹೊತ್ತಾಯ್ತು, ಬರ್ತೀವಮ್ಮ" ಎಂದು ಮುನಿಯಲ್ಲಮ್ಮನಿಗೆ ಹೇಳಿ ಹೊರಟುಹೋದ.

ಮುನಿಯಲ್ಲಮ್ಮ ಹುಳುವಿನ ತಟ್ಟೆಗಳ ನಡುವೆ ಕೂತುಬಿಟ್ಟಳು. ಶಾಮಲಮ್ಮ ಏಣಿ ಹತ್ತಿದಳು. ಅಣ್ಣ ಒಂದೊಂದೇ ಎಲೆ ತೆಗೆಯುತ್ತಿದ್ದ.

"ಅಣ್ಣ, ಯಾಕೆ ನಿಂತಿದ್ದೆ?"

"ಮೇಲೆ ಅತಿಥಿಗಳಿದ್ರಲ್ಲಮ್ಮ."

"ಇದು ನಮ್ಮನೆ ಮಾಳಿಗೆ ಕಣಣ್ಣ. ರಾಗಿ ಒಣಗಿಸೋ ಜಾಗ. ಕುಲಗೆಟ್ಟೋರು ನಿಲ್ತಾರೆ, ನೀನ್ಯಾಕೆ ನಿಂತೆ?"

ಅವಳು ಅಳಲಿಲ್ಲ. ಸಿಟ್ಟಿನಿಂದ ಕೇಳಿದಳು. ಕದಿರೇಶ ಖಾಲಿ ಎಲೆಯನ್ನು ನೋಡಿದ. ಆಗ ಅವನಿಗೆ ಅರ್ಥವಾಯಿತು. ಕೈಯಲ್ಲಿದ್ದ ಎಲೆಗಳನ್ನು ಕೆಳಗಿಟ್ಟು ಅಂಚಿನ ಹಗ್ಗ ಹಿಡಿದುಕೊಂಡ. ಆಗಲೂ ಅವನು ಕೂರಲಿಲ್ಲ, ಅದನ್ನು ಅವನೂ ಗಮನಿಸಿದ.

ಮರುದಿನ ಯಾರಿಗೂ ಹೇಳದೆ ಕೋಲಾರದವರೆಗೆ, ಪೆಟ್ರೋಲು ಸಿಗದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ, ಅಲ್ಲಿಂದ ಮಾಲೂರಿಗೆ ಇನ್ನೊಂದರಲ್ಲಿ ಹೋಗಿ, ಮುಂದೆ ನಡೆದು ಲಕ್ಕೂರು ಮುಟ್ಟಿದ. ಕೋದಂಡರಾಮಪ್ಪನ ಮನೆಯ ಪಡಸಾಲೆಯಲ್ಲಿ ಮಧ್ಯಾಹ್ನದ ಊಟಕ್ಕೆ ಕೂತಿದ್ದರು. ಹೊಲದಿಂದ ಬಂದ ನೆಂಟರೂ ಒಂದಿಬ್ಬರು ಇದ್ದರು. ಕದಿರೇಶ ಕಾಲು ತೊಳೆದು ಒಳಗೆ ಬಂದ. ಯಾರೂ ಕರೆಯಲಿಲ್ಲ. ಕರೆಯದ ಮನೆಯಲ್ಲಿ ಪಂಕ್ತಿಗೆ ಕೂರುವುದು ನಮ್ಮಲ್ಲಿ ತಿರುಕನೂ ಮಾಡದ ಕೆಲಸ. ಅವನು ನೇರ ಹೋಗಿ ಕೋದಂಡರಾಮಪ್ಪನ ಪಕ್ಕದಲ್ಲಿ ಕೂತ.

ಎಲ್ಲರ ಕೈ ನಿಂತಿತು. ಹುಡುಗನ ತಾಯಿ ಆದಿಲಕ್ಷ್ಮಮ್ಮ ಸೌಟು ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ನಿನ್ನೆ ಯಾಕಪ್ಪ ಕೂತ್ಕೊಳ್ಲಿಲ್ಲ?" ಎಂದ ಕೋದಂಡರಾಮಪ್ಪ.

"ಹಡಗಲ್ಲಿ ಮೇಲೆ ಕೂತ್ಕೋಬಾರ್ದು ಅಂತಿತ್ತು, ದೊಡ್ಡೋರೆ. ಕೂತ್ರೆ ಕುರ್ಚಿ ತೊಳೆಸೋರು. ಅದೇ ಅಭ್ಯಾಸ ಆಗೋಯ್ತು. ಕುಲ ಬಿಟ್ಟಿಲ್ಲ ನಾನು. ನನ್ನ ತಂಗೀದು ಏನೂ ತಪ್ಪಿಲ್ಲ."

ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. ಮಂಡಿಗಳು ಎದ್ದುಬಿಡಲು ಕಾದಿದ್ದವು, ಎರಡೂ ಕೈಯಿಂದ ಅವನ್ನು ಒತ್ತಿ ಹಿಡಿದಿದ್ದ. ಕೋದಂಡರಾಮಪ್ಪ ಅದನ್ನೆಲ್ಲ ನೋಡಿದ. ಹೆಂಡತಿಯ ಕಡೆ ತಿರುಗಿ, "ಒಂದು ಎಲೆ ಹಾಕು" ಎಂದ. ಆಮೇಲೆ ಇವನಿಗೆ, "ಮೊದ್ಲು ಉಣ್ಣಪ್ಪ. ಲಗ್ನದ ಮಾತು ಆಮೇಲೆ ಆಡೋಣ" ಎಂದ.

ಎಲೆ ಬಂತು, ಮುದ್ದೆ ಬಿತ್ತು. ಇಬ್ಬರೂ ತುತ್ತೆತ್ತಿದರು. ಸಾಲಿನ ತುದಿಯಲ್ಲಿದ್ದ ನೆಂಟನೊಬ್ಬ ನೀರು ಕೇಳಿದ. ಕದಿರೇಶ ತಟ್ಟನೆ ಅರ್ಧ ಎದ್ದ. ಆದಿಲಕ್ಷ್ಮಮ್ಮ ಸೌಟನ್ನು ಅವನ ಮುಂದೆ ಅಡ್ಡ ಹಿಡಿದಳು.

"ಕೂತ್ಕೋಪ್ಪ. ಕೊಡೋಕೆ ನಾನಿದ್ದೀನಿ."

ಅವನು ಕೂತ. ಉಂಡು ಮುಗಿಸುವವರೆಗೂ ಅವನ ಕಣ್ಣಲ್ಲಿ ನೀರು ಸುರಿಯುತ್ತಲೇ ಇತ್ತು. ಯಾರೂ ನೋಡಿದಂತೆ ತೋರಿಸಿಕೊಳ್ಳಲಿಲ್ಲ.