ಮುಯ್ಯಿಯಲ್ಲಿ ಎದ್ದ ಮಹಡಿ

ಬೆಳ್ಯಪ್ಪನಿಗೆ ಎರಡು ಎಕರೆ ಗದ್ದೆ ಇತ್ತು, ಮನೆಯ ಹಿಂದೆ ಒಂದಿಷ್ಟು ಕಾಫಿ ಇತ್ತು. ಅಷ್ಟು ಊರಲ್ಲಿ ಎಲ್ಲರಿಗೂ ಇದ್ದದ್ದೇ. ಇನ್ನೊಬ್ಬರಿಗೆ ಇಲ್ಲದ್ದೆಂದರೆ ಅವನ ಮಾತಿಗಿದ್ದ ತೂಕ. ಭಾಗಮಂಡಲದ ರಸ್ತೆಯಿಂದ ಎರಡು ಮೈಲಿ ಒಳಗಿದ್ದ ಆ ಊರಿನ ಇಪ್ಪತ್ತನಾಲ್ಕು ಗೌಡರ ಮನೆಗಳಲ್ಲಿ ಹೆಣ್ಣು ಕೇಳುವುದಿರಲಿ, ಬೇಲಿಯ ಜಗಳ ಬಿಡಿಸುವುದಿರಲಿ, ಮೊದಲು ಬೆಳ್ಯಪ್ಪನಿಗೇ ಹೇಳಿಕಳಿಸುತ್ತಿದ್ದರು. ಅವನು ಬಂದು ಜಗಲಿಯಲ್ಲಿ ಕೂತು, ಎರಡೂ ಕಡೆಯವರ ಗೋಳು ಕೇಳಿ, ಎಲೆಯಡಿಕೆ ಉಗಿದು, “ಆತ್, ನಾ ಹೇಳ್ದೆ” ಎಂದನೆಂದರೆ ಮುಗಿಯಿತು. ಸಾಕ್ಷಿ, ರುಜು ಯಾವುದೂ ಬೇಕಿರಲಿಲ್ಲ. ಅವನಿಗೂ ಅದರ ಬಗ್ಗೆ ಸ್ವಲ್ಪ ಜಂಬವಿತ್ತು. ಇಟ್ಟುಕೊಳ್ಳಲಿ ಬಿಡಿ, ಬೇರೆ ಆಸ್ತಿ ಏನಿತ್ತು ಅವನಿಗೆ?

ಆ ಊರಲ್ಲಿ ಕೆಲಸವೆಲ್ಲ ಮುಯ್ಯಾಳಿನ ಮೇಲೆ ನಡೆಯುತ್ತಿತ್ತು. ಪೇಟೆಯವರಿಗಾಗಿ ಒಂದು ಮಾತು ಹೇಳುವುದಾದರೆ, ಇವತ್ತು ನಿಮ್ಮ ಮನೆಯವರು ನಮ್ಮ ಗದ್ದೆಗೆ, ನಾಳೆ ನಮ್ಮ ಮನೆಯವರು ನಿಮ್ಮ ಗದ್ದೆಗೆ. ಬಂದವರಿಗೆ ಹೊಟ್ಟೆ ತುಂಬ ಊಟ, ಅಷ್ಟೆ. ಯಾರು ಎಷ್ಟು ದಿನ ಬಂದರೆಂದು ಬರೆದಿಡುವ ಪದ್ಧತಿಯೇ ಇರಲಿಲ್ಲ. ಬರೆದಿಟ್ಟವನಿಗೆ ನೆರೆಯವರ ಮೇಲೆ ನಂಬಿಕೆಯಿಲ್ಲ ಎಂದು ಊರು ಮುಖ ತಿರುಗಿಸುತ್ತಿತ್ತು. ಕೂಲಿ ಎಂಬುದು ಎಸ್ಟೇಟಿನ ಆಳುಗಳ ಲೈನುಮನೆಗಳಲ್ಲಿ ಕೇಳುವ ಮಾತಾಗಿತ್ತು.

ಬೆಳ್ಯಪ್ಪನ ತಂಗಿ ದಮಯಂತಿಯ ಗಂಡ ಪೂವಯ್ಯ. ಮಾದಾಪುರದ ಕಡೆ ಒಂದು ಎಸ್ಟೇಟಿನಲ್ಲಿ ಹತ್ತು ವರ್ಷ ರೈಟರ್ ಆಗಿ ಲೆಕ್ಕ ಬರೆದು, ಆಮೇಲೆ ಮಡಿಕೇರಿಯಲ್ಲಿ ಮನೆ ಮಾಡಿದವನು. ತೋಟದ ಬಿಳಿಯ ದೊರೆಗಳ ಜೊತೆ ಓಡಾಡಿ ಅವರ ಕ್ಲಬ್ಬಿನ ಒಳಹೊರಗೆಲ್ಲ ನೋಡಿದ್ದ. ಅಲ್ಲಿ ಮಹಡಿಯ ಮೇಲೆ ಮೆಂಬರುಗಳಿಗೆಂದೇ ಕೋಣೆಗಳು. ಮುಂದೆ ಲೌಂಜ್ ಎಂಬ ಹಜಾರ, ಅಲ್ಲಿ ಬೆತ್ತದ ಕುರ್ಚಿ, ರೇಡಿಯೊ, ಪೇಪರು. ಕೂತಲ್ಲಿಗೇ ಟ್ರೇಯಲ್ಲಿ ಕಾಫಿ. ನಮ್ಮವರು ಕೋರ್ಟಿಗೆ, ಆಸ್ಪತ್ರೆಗೆ ಮಡಿಕೇರಿಗೆ ಹೋದರೆ ಮಲಗುವುದು ಅಂಗಡಿ ಜಗಲಿಯಲ್ಲಿ. ಹೆಂಗಸರ ಪಾಡಂತೂ ಕೇಳುವುದೇ ಬೇಡ.

“ಬಾವ, ಅವರ ಕ್ಲಬ್ಬಿಗೆ ನಮ್ಮನ್ನ ಹತ್ತಿಕೆ ಬಿಡುದಿಲ್ಲೆ. ನಮ್ಮದೇ ಒಂದು ಇರ್ಲಿ,” ಎಂದ ಪೂವಯ್ಯ. “ಜಾಗ ನಂದು. ಊರವು ಮರ ಕೊಡ್ಲಿ, ಕೆಲಸ ಮಾಡ್ಲಿ. ಮೇಲೆ ನಾಲ್ಕು ರೂಮು, ಮುಂದೆ ಲೌಂಜ್. ವರ್ಷಕ್ಕೆ ಹದಿನೈದು ದಿನ ಮೇಲಿನ ರೂಮು ಒಂದೊಂದು ಮನೆಗೆ. ಸಾಯುವವರೆಗೆ.”

ಬೆಳ್ಯಪ್ಪ ಇಪ್ಪತ್ತನಾಲ್ಕು ಮನೆಗೂ ನಡೆದ. ಅವನು ಹೇಳಿದ ಮೇಲೆ ಕೇಳುವುದೇನಿದೆ? ಒಬ್ಬರು ಬೀಟೆ ಕೊಟ್ಟರು, ಒಬ್ಬರು ಹೆಂಚು ಹೊರಿಸಿದರು. ಬೊಳ್ಳಮ್ಮ ಎಂಬ ವಿಧವೆ, ಬೆಳ್ಯಪ್ಪನ ಪಕ್ಕದ ಮನೆಯವರು, ಅವನು ದೊಡ್ಡವ್ವ ಎಂದೇ ಕರೆಯುತ್ತಿದ್ದವರು, ಅಂಗಳದ ಹಲಸಿನ ಮರವನ್ನು ಕಡಿಸಿದರು. ಗಂಡ ಬದುಕಿದ್ದಾಗ ಕೇಳಿದವರಿಗೆಲ್ಲ ಇಲ್ಲ ಎಂದಿದ್ದ ಮರ ಅದು. ಅಷ್ಟು ಸಾಲದೆಂದು ತಾವೇ ಮಡಿಕೇರಿಗೆ ಹೋಗಿ ಒಂದು ತಿಂಗಳು ಗೋಡೆಗೆ ಮಣ್ಣು ಹೊತ್ತರು. ಎರಡು ಬೇಸಿಗೆಯಲ್ಲಿ ಮನೆ ಎದ್ದಿತು, ಚೀಟಿ ಎತ್ತಿ ಸರದಿಯೂ ಗೊತ್ತಾಯಿತು.

ಮೊದಲ ವರ್ಷ ಊರಿನವರ ಸಂಭ್ರಮ ನೋಡಬೇಕಿತ್ತು. ಗುರುವಪ್ಪನ ಹೆಂಡತಿ ಮೇಲಿನ ಕೋಣೆಯ ಹಾಸಿಗೆಯಲ್ಲಿ ಮಲಗಿ ಸೊಂಟ ಹಿಡಿದು, ನೆಲಕ್ಕಿಳಿದು ಮಲಗಿದಳು. ಊರಿಗೆ ಬಂದು ಆ ಸೊಂಟನೋವನ್ನೇ ಆರು ತಿಂಗಳು ಹೆಮ್ಮೆಯಿಂದ ಹೇಳಿಕೊಂಡಳು. ಗಂಡಸರು ಲೌಂಜಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, ಪೇಪರು ತಲೆಕೆಳಗಾದರೂ ಸರಿ, ಹಿಡಿದುಕೊಂಡಿರುತ್ತಿದ್ದರು.

೧೯೫೬ರ ನವೆಂಬರಿನಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಮುಂದಿನ ತಿಂಗಳೇ ಹುತ್ತರಿ, ಹೊಸ ಅಕ್ಕಿಯ ಹಬ್ಬ. ಹಬ್ಬಕ್ಕೆ ಹೆಂಡತಿ ಮಕ್ಕಳೊಡನೆ ಬಂದ ಪೂವಯ್ಯ ಊಟಕ್ಕೆ ಮುಂಚೆ ಚೀಲದಿಂದ ಟೈಪು ಮಾಡಿದ ನಾಲ್ಕು ಹಾಳೆ ತೆಗೆದ.

“ಹೊಸ ಸರ್ಕಾರ ಎಲ್ಲದಕ್ಕೂ ದಾಖಲೆ ಕೇಳುದು ಬಾವ. ಊರ ಪರವಾಗಿ ನೀವು ಒಂದು ರುಜು ಹಾಕಿ.”

ಕಾಗದ ಇಂಗ್ಲಿಷಿನಲ್ಲಿತ್ತು. ಬೆಳ್ಯಪ್ಪ ಓದಿದ್ದು ಕನ್ನಡ ನಾಲ್ಕನೇ ಕ್ಲಾಸು. ಏನು ಬರೆದಿದೆ ಎಂದು ಕೇಳಬಹುದಿತ್ತು. ಆದರೆ ತಂಗಿಯ ಗಂಡ ತಂದ ಕಾಗದವನ್ನು ಓದಿಸಿ ನೋಡುವುದೆಂದರೆ, ಅದೂ ಹಬ್ಬದ ದಿನ, ಒಳಗೆ ತಂಗಿ ಎಲೆ ಹಾಕುತ್ತಿರುವಾಗ! ಅವನು ಕೈ ಒರೆಸಿಕೊಂಡು ರುಜು ಹಾಕಿದ. ಊಟಕ್ಕೆ ಎದ್ದರು.

ಆಮೇಲೆ ಊರಿನವರು ಹೋದಾಗೆಲ್ಲ ಮಹಡಿಯಲ್ಲಿ ಏನಾದರೊಂದು ಅಡಚಣೆ. ಸುಣ್ಣ ಬಳಿಯುತ್ತಿದ್ದಾರೆ, ಕಿಟಕಿ ಮುರಿದಿದೆ, ಹಿಂದಿನ ಕೋಣೆಯಲ್ಲಿ ಒಂದೆರಡು ದಿನ ಸುಧಾರಿಸಿಕೊಳ್ಳಿ. ಹಿಂದಿನ ಕೋಣೆಗಳೆಂದರೆ ಅಡಿಗೆಮನೆಗೆ ಅಂಟಿಕೊಂಡವು, ಗೋಡೆಯಾಚೆ ಒಲೆ, ಈಚೆ ಹೊಗೆ. ಬೆಳ್ಯಪ್ಪ ಹೋದಾಗ ಮಾತ್ರ ಸುಣ್ಣ ಒಣಗಿರುತ್ತಿತ್ತು, ಕಿಟಕಿ ಸರಿಯಾಗಿರುತ್ತಿತ್ತು. ತನ್ನ ಗ್ರಹಗತಿ ಚೆನ್ನಾಗಿದೆ ಎಂದುಕೊಂಡ ಪುಣ್ಯಾತ್ಮ. ಗೊಣಗಿದವರಿಗೆ “ಪೂವಯ್ಯ ಅಂಥವ ಅಲ್ಲ, ನಾ ಹೇಳ್ದೆ” ಎನ್ನುತ್ತಿದ್ದ, ಅವರೂ ಸುಮ್ಮನಾಗುತ್ತಿದ್ದರು.

ಐವತ್ತೆಂಟರ ಹೊತ್ತಿಗೆ ಬೊಳ್ಳಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮಡಿಕೇರಿಯ ಆಸ್ಪತ್ರೆಗೆ ಬಂದಿದ್ದ ಕಣ್ಣಿನ ಡಾಕ್ಟರು ಫೆಬ್ರವರಿಯಲ್ಲಿ ದಿನ ಕೊಟ್ಟರು. ಒಂದು ಷರತ್ತು ಹಾಕಿದರು: ಆಪರೇಷನ್ ಆಗಿ ಕೆಲವು ದಿನ ಆಸ್ಪತ್ರೆ, ಆಮೇಲೆ ಹತ್ತು ದಿನ ಹತ್ತಿರದಲ್ಲೇ ಇದ್ದು ಪಟ್ಟಿ ಬದಲಿಸಿಕೊಳ್ಳಬೇಕು, ಹೊಗೆ ಧೂಳು ಸೋಕಲೇಬಾರದು. ಇಲ್ಲದಿದ್ದರೆ ಚಾಕು ಹಾಕುವುದಿಲ್ಲ ಎಂದುಬಿಟ್ಟರು. ಬೊಳ್ಳಮ್ಮನ ಸರದಿ ಬಿದ್ದದ್ದೂ ಫೆಬ್ರವರಿಯಲ್ಲೇ.

“ನಂದು ಮೇಲಿನ ರೂಮು ಉಟ್ಟಲ್ಲ,” ಎಂದರು ಅವರು, ಕೋಣೆ ಇದ್ದೇ ಇದೆಯೆಂಬ ಧೈರ್ಯದಲ್ಲಿ. “ಹೊಗೆ ಎಲ್ಲಿಂದ ಬರುದು?”

ಬೆಳ್ಯಪ್ಪನೇ ಕೈಹಿಡಿದು ಬಸ್ಸಿಗೆ ಹತ್ತಿಸಿದ. ದಾರಿಯುದ್ದಕ್ಕೂ ಅವರದು ಒಂದೇ ಮಾತು, ಮೂಡುಗಡೆಯ ಕೋಣೆಯ ಗೋಡೆಗೆ ತಾನೇ ಮಣ್ಣು ಹೊತ್ತದ್ದು, ಅದೇ ಕೋಣೆ ಸಿಕ್ಕರೆ ಚೆನ್ನ ಎಂದು. ಬೆಳ್ಯಪ್ಪ ಅದನ್ನೇ ಕೊಡಿಸುತ್ತೇನೆಂದ.

ಆಸ್ಪತ್ರೆಗೆ ಮುಂಚೆ ಕೋಣೆ ಗೊತ್ತುಮಾಡಿಕೊಳ್ಳಲು ಪೂವಯ್ಯನ ಮಹಡಿಗೆ ಹೋದರು. ಲೌಂಜಿನಲ್ಲಿ ಬೊಳ್ಳಮ್ಮ ತಡವಿ ನೋಡಿ ಒಂದು ಬೆತ್ತದ ಕುರ್ಚಿಯಲ್ಲಿ ಕೂತರು. ಪಕ್ಕದಲ್ಲಿ ಬೆಳ್ಯಪ್ಪ ಕೂತ. ಬಿಳಿ ಕೋಟು, ಸೊಂಟಕ್ಕೆ ಪಟ್ಟಿ ಹಾಕಿಕೊಂಡ ಒಬ್ಬ ಆಳು ಬಂದ. ಕುಶಾಲನಗರದ ಕಡೆಯ ಕೆಂಚ, ಹೊಸದಾಗಿ ಸೇರಿದವನು.

“ಅವ್ವಾ, ಅಲ್ಲಿಂದ ಏಳ್ಬೇಕು. ಇದು ಮೇಲಿನ ರೂಮ್ನೋರಿಗೆ ಮಾತ್ರ.” ಬೆಳ್ಯಪ್ಪನೂ ಏಳಹೊರಟದ್ದು ಕಂಡು ಅವನು ಗಾಬರಿಯಾದ. “ಅಯ್ಯೋ, ನೀವು ಕೂತ್ಕಳಿ ಯಜಮಾನ್ರೆ, ನಿಮ್ ಹೆಸ್ರು ಲಿಸ್ಟಲ್ಲೈತೆ. ಕಾಫಿ ತತ್ತೀನಿ.”

ಬೊಳ್ಳಮ್ಮ ಎದ್ದು ನಿಂತರು. “ಬೆಳ್ಯಪ್ಪ, ಇವ ಎಂತ ಹೇಳುದು?”

ಅಷ್ಟರಲ್ಲಿ ಪೂವಯ್ಯನೇ ಬಂದ. ನಗುನಗುತ್ತಲೇ ಹಿಂದಿನ ಕೋಣೆ ತೆಗೆಸುತ್ತೇನೆಂದ. ಬೆಳ್ಯಪ್ಪ ಡಾಕ್ಟರು ಹೇಳಿದ ಹೊಗೆಯ ಮಾತು ಹೇಳಿದ. ಮೇಲೆ ಮೂರು ಕೋಣೆಯಲ್ಲಿ ಬೆಂಗಳೂರಿನಿಂದ ಬಂದ ಅಧಿಕಾರಿಗಳ ಸಂಸಾರ ಇದೆ, ಕಳಿಸುವ ಹಾಗಿಲ್ಲ ಎಂದ ಪೂವಯ್ಯ.

“ನಾಲ್ಕನೇದು?”

“ಅದು ನಿಮ್ಮದಲ್ಲ ಬಾವ? ನೀವು ಬರುದು ತೇಳಿ ಖಾಲಿ ಇಟ್ಟೆ.”

“ದೊಡ್ಡವ್ವನದ್ದು ಎಲ್ಲಿ?”

ಪೂವಯ್ಯ ಆಫೀಸಿನ ಬೀರುವಿನಿಂದ ಆ ನಾಲ್ಕು ಹಾಳೆ ತಂದ. ಇಂಗ್ಲಿಷಿನಲ್ಲಿದ್ದದ್ದನ್ನು ಮೊದಲ ಸಲ ಕನ್ನಡದಲ್ಲಿ ಹೇಳಿದ. ಈ ಕಟ್ಟಡ ಪೂವಯ್ಯನ ಸ್ವಂತದ್ದು. ಇದನ್ನು ಕಟ್ಟಲು ಊರಿನ ಇಪ್ಪತ್ತನಾಲ್ಕು ಮನೆಗಳಿಂದ ಕೂಲಿಯಾಳುಗಳು ಬಂದಿದ್ದರು. ಮರಕ್ಕೆ ಬೆಲೆ, ಆಳಿಗೆ ಕೂಲಿ, ಎಲ್ಲವೂ ಪೂರ್ತಿ ಸಂದಿದೆ. ಎಲ್ಲರ ಪರವಾಗಿ ಒಪ್ಪಿ ರುಜು ಮಾಡಿದವನು ಬೆಳ್ಯಪ್ಪ. ಮೇಲಿನ ಕೋಣೆ, ಲೌಂಜ್ ಎರಡೂ ಮೊದಲ ದರ್ಜೆಯ ಒಂಬತ್ತು ಸದಸ್ಯರಿಗೆ ಮಾತ್ರ. ಎಂಟು ಮಂದಿ ಹಣ ಕೊಟ್ಟು ಸೇರಿದವರು, ಒಂಬತ್ತನೆಯವನು ಬೆಳ್ಯಪ್ಪ.

“ಕೂಲಿಯಾ? ಯಾರಿಗೆ ಕೊಟ್ಟೆ ನೀನು ಕೂಲಿ?” ಹದಿನಾರು ವರ್ಷದ ನಂಟಸ್ತನದಲ್ಲಿ ಬೆಳ್ಯಪ್ಪ ತಂಗಿಯ ಗಂಡನನ್ನು ನೀನು ಎಂದದ್ದು ಅದೇ ಮೊದಲು.

“ಮುಯ್ಯಿ ತೇಳಿ ಬರ್ದರೆ ಯಾವ ಸರ್ಕಾರ ಒಪ್ಪುದು ಬಾವ? ಮನೆ ಇಪ್ಪತ್ತನಾಲ್ಕು ಪಾಲಾಗಿ ಹೋಗ್ತಿತ್ತು.” ಪೂವಯ್ಯನಿಗೆ ನಿಜಕ್ಕೂ ನೋವಾದ ಹಾಗಿತ್ತು. “ನಿಮ್ಮನ್ನ ನಾ ಬಿಟ್ಟನಾ? ಒಂದು ಕಾಸು ತಕ್ಕೊಳದೆ ಮೇಲೆ ಹಾಕಿದೆ. ಎಲ್ಲೊರೂ ಮೇಲೆ ಕೂತರೆ, ಅದ್ನ ಮೇಲೆ ತೇಳಿ ಹೇಳಿಕೆ ಎಂತ ಉಟ್ಟು?”

ಹೊರಗಿನವನು ಮಾಡಿದ್ದರೆ ಬೆಳ್ಯಪ್ಪ ಕತ್ತಿ ಹಿಡಿಯುತ್ತಿದ್ದ. ಇವನು ತಾನು ಧಾರೆಯೆರೆದ ತಂಗಿಯ ಗಂಡ, ತನ್ನ ಎಲೆಯಲ್ಲಿ ಹುತ್ತರಿಯ ಹೊಸ ಅನ್ನ ಉಂಡವನು. ತನ್ನ ಕೈಯಿಂದಲೇ ತನ್ನ ಊರನ್ನು ಮಾರಿಸಿ, ಮೇಲೆ ಒಂದು ಕೋಣೆ ಬಹುಮಾನ ಬೇರೆ ಕೊಟ್ಟಿದ್ದಾನೆ. ರುಜು ಹಾಕಿದಾಗಿನಿಂದ ತಾನು ಆ ಕುರ್ಚಿಯಲ್ಲಿ ಕೂತು ಕಾಫಿ ಕುಡಿದದ್ದು ನೆನಪಾಗಿ ಬೆಳ್ಯಪ್ಪನಿಗೆ ಹೇಸಿಗೆಯಾಯಿತು.

“ದೊಡ್ಡವ್ವ, ನನ್ನ ರೂಮು ಉಟ್ಟು. ನೀವು ಅಲ್ಲಿ ಇರಿ. ಬನ್ನಿ,” ಎಂದು ಅವರ ಕೈಹಿಡಿದ.

ಬೊಳ್ಳಮ್ಮ ಕೈ ಬಿಡಿಸಿಕೊಂಡರು. “ಅದು ನಿನ್ನದು. ನಂದು ಎಲ್ಲುಟ್ಟು?”

“ಇವ ಮೋಸ ಮಾಡ್ದ ದೊಡ್ಡವ್ವ, ನಂಗೂ ಮೋಸ ಮಾಡ್ದ.”

“ಇವನ ಗುರ್ತ ನಂಗೆಲ್ಲಿ ಉಟ್ಟು? ಇವನ ಮಾತು ಕೇಳಿ ನಾ ಮರ ಕಡ್ಸಿದ್ದಲ್ಲ. ನಿನ್ನ ಮಾತು ಕೇಳಿ.”

ಅವರು ಸಂಜೆಯ ಬಸ್ಸಿಗೇ ಹಿಂದಿರುಗಿದರು. ಬೆಳ್ಯಪ್ಪ ಎಷ್ಟು ಬೇಡಿಕೊಂಡರೂ ಆಸ್ಪತ್ರೆಯ ಕಡೆ ತಿರುಗಲಿಲ್ಲ. ಹಟ ಎನ್ನಿ, ಮುದುಕಿಯ ಹುಚ್ಚು ಎನ್ನಿ, ತನಗೆ ಸಲ್ಲಬೇಕಾದದ್ದನ್ನು ಇನ್ನೊಬ್ಬರ ದಯೆಯಿಂದ ಪಡೆಯಲು ಅವರು ಒಪ್ಪಲಿಲ್ಲ. ಡಾಕ್ಟರಿಗೆ ವರ್ಗವಾಯಿತು. ಮಳೆ ಹಿಡಿಯುವ ಹೊತ್ತಿಗೆ ಬೊಳ್ಳಮ್ಮನಿಗೆ ಬೆಳಕು ಕತ್ತಲೆಯ ವ್ಯತ್ಯಾಸ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಪೂವಯ್ಯ ಆಮೇಲೆ ಕಳಿಸಿಕೊಟ್ಟ ಕೋಣೆಯ ಬೀಗದ ಕೈಯನ್ನು ಬೆಳ್ಯಪ್ಪ ಹಿಂದಕ್ಕೆ ಕಳಿಸಿದ. ವಕೀಲರನ್ನು ಕಂಡ. ರುಜು ಮಾಡಿದ ಕಾಗದದಲ್ಲಿರುವುದು ಸುಳ್ಳೆಂದು ನೀವೇ ಕೋರ್ಟಿನಲ್ಲಿ ನಿಂತು ಹೇಳಬೇಕು, ಹೇಳಿದರೆ ನಿಮ್ಮ ಬಾವ ಜೈಲಿಗೆ ಹೋದರೂ ಹೋಗಬಹುದು ಎಂದರು ವಕೀಲರು. ಸುದ್ದಿ ತಿಳಿದು ದಮಯಂತಿ ಮಕ್ಕಳನ್ನು ಕಟ್ಟಿಕೊಂಡು ಬಂದು ಹೊಸ್ತಿಲ ಮೇಲೆ ಕೂತಳು.

“ಅಣ್ಣ, ಈ ಮಕ್ಕಳ ಮೊಖ ನೋಡು. ಬೇರೆ ಎಂತದೂ ನಾ ಕೇಳುದಿಲ್ಲೆ.”

ಅವನು ನೋಡಿದ. ಕೇಸು ಹಾಕಲಿಲ್ಲ. ಅಲ್ಲಿಯವರೆಗೆ ಅವನು ಮೋಸಹೋದವನು. ಸುಮ್ಮನಿದ್ದ ಆ ದಿನದಿಂದ ಅವನನ್ನು ಏನೆಂದು ಕರೆಯಬೇಕೆಂಬುದು ಊರಿಗೆ ಬಿಟ್ಟ ವಿಷಯವಾಯಿತು. ಊರು ಏನೂ ಕರೆಯಲಿಲ್ಲ. ಯಾರೂ ಬಾಯಿಮಾಡಲಿಲ್ಲ, ದಾರಿಯಲ್ಲಿ ಸಿಕ್ಕರೆ ಮಳೆಯ ಮಾತಾಡುತ್ತಿದ್ದರು. ಜಗಳ ಬಿಡಿಸಲು ಮಾತ್ರ ಯಾರೂ ಕರೆಯಲಿಲ್ಲ.

ಜುಲೈಯಲ್ಲಿ ನಾಟಿಗೆ ಮುಯ್ಯಾಳು ಕರೆಯಲು ಬೆಳ್ಯಪ್ಪ ಹೆದರುತ್ತಲೇ ಮನೆಮನೆಗೆ ಹೋದ. ಎಲ್ಲರೂ ಬರುತ್ತೇವೆಂದರು. ಒಬ್ಬರೂ ಇಲ್ಲ ಎನ್ನಲಿಲ್ಲ. ಮನೆಗೆ ಬಂದು ಹೆಂಡತಿ ಸರೋಜಳಿಗೆ ಹೇಳಿದ. “ನಮ್ಮವು ನಮ್ಮವೇ,” ಎಂದ. ಸರೋಜ ದೊಡ್ಡ ಹಂಡೆ ಇಳಿಸಿ, ಎಳೆಬಿದಿರಿನ ಕಣಿಲೆ ಹೆಚ್ಚಿ, ನಲವತ್ತು ಜನಕ್ಕೆ ಅಡಿಗೆಗೆ ಇಟ್ಟಳು.

ಹೇಳಿದ ಹೊತ್ತಿಗೆ ಎಲ್ಲರೂ ಬಂದರು. ಬೊಳ್ಳಮ್ಮನೂ ಬಂದರು, ಗುರುವಪ್ಪನ ಹೆಂಡತಿಯ ಕೈಹಿಡಿದು. ನಾಟಿಗೆ ಕಣ್ಣೇನೂ ಬೇಕಿಲ್ಲ, ಬೆರಳಿಗೆ ಅಭ್ಯಾಸವಿದ್ದರೆ ಸಾಕು ಎಂದರಂತೆ. ಕೆಲಸ ಅಚ್ಚುಕಟ್ಟಾಗಿ ನಡೆಯಿತು. ಹಾಡಿಲ್ಲ, ಗೇಲಿಯಿಲ್ಲ, ಕೆಸರೆರಚಾಟವಿಲ್ಲ. ಮಧ್ಯಾಹ್ನ ಸರೋಜ ಊಟಕ್ಕೆ ಕರೆದಳು. ಅವರು ಗದ್ದೆಯ ಬದುವಿನ ಮೇಲೆ ಕೂತು, ಮನೆಯಿಂದ ತಂದಿದ್ದ ಬಾಳೆಲೆಯ ಪೊಟ್ಟಣ ಬಿಚ್ಚಿ, ಮಳೆಯಲ್ಲೇ ಉಂಡರು. ಸರೋಜ ಎರಡು ಸಲ ಬಂದು ಕರೆದು ಹೋದಳು.

ಸಂಜೆ ಕಾಲು ತೊಳೆದುಕೊಂಡು ಅವರು ಬೆಳ್ಯಪ್ಪನ ಅಂಗಳದಲ್ಲಿ ಸಾಲಾಗಿ ನಿಂತರು, ಎಸ್ಟೇಟಿನಲ್ಲಿ ವಾರದ ಕೊನೆಗೆ ನಿಲ್ಲುವ ಹಾಗೆ. ಎಲ್ಲರಿಗಿಂತ ಮುಂದೆ ಬೊಳ್ಳಮ್ಮ. ಅವರು ಕೈ ಚಾಚಿದರು.

“ಕೂಲಿ ಕೊಡಿ ಸಾವ್ಕಾರ್ರೆ.”

“ದೊಡ್ಡವ್ವ!” ಬೆಳ್ಯಪ್ಪ ಅಂಗಳಕ್ಕೆ ಇಳಿದು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. “ಹಿಂಗೆ ಮಾಡ್ಬೇಡಿ. ಬೈಯಿರಿ, ಹೊಡಿರಿ. ನಾಳೆ ನಿಮ್ಮ ಗದ್ದೆಗೆ ನಾ ಬರುದಿಲ್ಲೆಯಾ?”

ಬೊಳ್ಳಮ್ಮ ಅವನ ಮುಖವಿರುವ ದಿಕ್ಕಿಗೆ ಮುಖ ಮಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

“ಆ ಸಲದ ಕೂಲಿ ಪೂರ್ತಿ ಸಂದುಟ್ಟು ತೇಳಿ ನೀವು ರುಜು ಹಾಕಿದ್ದು ಉಟ್ಟಲ್ಲ. ಇದು ಈ ಸಲದ್ದು.”

ಬೆಳ್ಯಪ್ಪ ಒಳಗೆ ಹೋಗಿ ಪೆಟ್ಟಿಗೆ ತೆಗೆದು, ಒಂದು ರೂಪಾಯಿ ತಂದು ಆ ಅಂಗೈಯ ಮೇಲೆ ಇಟ್ಟ. ಬೊಳ್ಳಮ್ಮ ಅದನ್ನು ಬೆರಳಿನಿಂದ ಸವರಿ ನೋಡಿ, ಸೆರಗಿಗೆ ಕಟ್ಟಿಕೊಂಡು, ಮುಂದಿನವರಿಗೆ ಜಾಗ ಬಿಟ್ಟು ಸರಿದರು.