ಮಿಷನ್ ನಿಲ್ಲಿಸಿ ಕೇಳಿದ ಅಂಗಿಯ ಕಥೆ

ಟೈಲರಮ್ಮ ಸಂಜೆ ಕಾಲೇಜಿಗೆ ಸೇರಿದಾಗ ಅವಳ ಗಂಡ ಬಂದವರಿಗೆಲ್ಲ, ನಮ್ಮಾಕೆ ಅಮೆರಿಕಕ್ಕೆ ಹೊರಟಿದ್ದಾಳೆ, ಅದೂ ಟಿಕೆಟ್ಟಿಲ್ಲದೆ, ಎಂದು ಹೇಳಿ ನಗುತ್ತಿದ್ದ. ಮದುವೆಯಾದಾಗ ಅರ್ಧಕ್ಕೇ ಬಿಟ್ಟ ಡಿಗ್ರಿ ಮುಗಿಸಲೇಬೇಕೆಂದು ಅವಳ ಹಟ. ಮುಗಿಸದೆ ಉಳಿದ ವಿಷಯಗಳಲ್ಲಿ ಸಂಜೆ ಹೊತ್ತಿಗೆ ಸಿಕ್ಕಿದ್ದು ಇದೊಂದೇ: ಅಮೆರಿಕದ ಬೇರೆ ಬೇರೆ ಜನಾಂಗದವರು ಬರೆದ ಕಥೆ, ಕಾದಂಬರಿ.

ಮೊದಲ ದಿನವೇ ಬೆರಗಾಗಿ ಮನೆಗೆ ಬಂದಳು. ಅಮೆರಿಕ ಅಂದರೆ ಒಂದೇ ಬಣ್ಣದ ಬಟ್ಟೆಯ ಥಾನು ಅಂದುಕೊಂಡಿದ್ದವಳು ಅವಳು. ನೋಡಿದರೆ ಮೊದಲಿಂದ ಅಲ್ಲೇ ಇದ್ದವರು, ಸರಪಳಿ ಹಾಕಿಸಿಕೊಂಡು ಬಂದವರು, ಹೊಟ್ಟೆಪಾಡಿಗೆ ಹಡಗು ಹತ್ತಿದವರು, ಗಡಿ ಜರುಗಿದ್ದರಿಂದ ಇದ್ದಲ್ಲೇ ಪರದೇಶಿಗಳಾದವರು. ಒಬ್ಬೊಬ್ಬರದೂ ಒಂದೊಂದು ಪುಸ್ತಕ.

"ಇಷ್ಟೊಂದು ಜನ ಒಂದೇ ದೇಶದಲ್ಲಿ ಹೇಗೆ ಹಿಡಿಸ್ತಾರೆ ಕಣೇ?" ಎಂದು ಸೊಸೆಯನ್ನು ಕೇಳಿದಳು.

ಓದು ಅವಳಿಗೆ ನಿಧಾನ. ಹಾಗಾಗಿ ಸೊಸೆ ಓದಿ ಹೇಳುವುದು, ಇವಳು ಮಿಷನ್ ತುಳಿಯುತ್ತ ಕೇಳುವುದು ಎಂದಾಯಿತು. ಮನಸ್ಸಿಗೆ ತಟ್ಟಿದ ಕಡೆ ಸೊಸೆಯನ್ನು ತಡೆದು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲೇ ಪುಟದ ಮೇಲೊಂದು ಗೆರೆ ಎಳೆಯುತ್ತಿದ್ದಳು. ಕಂಡವರ ಬಟ್ಟೆಯ ಮೇಲೆ ಅಳಿಸಲಾಗದ ಗುರುತು ಹಾಕಿದವಳಲ್ಲ. ಲೈಬ್ರರಿ ಪುಸ್ತಕವೂ ಕಂಡವರದೇ ತಾನೆ.

ಪಾಠವೆಲ್ಲ ಮುಗಿದ ಮೇಲೆ ಕ್ಲಾಸಿನಲ್ಲಿ ಒಬ್ಬೊಬ್ಬರೂ ತಮಗೆ ಹಿಡಿಸಿದ ಒಂದು ಪುಟದ ಬಗ್ಗೆ ಎದ್ದು ನಿಂತು ಮಾತಾಡಬೇಕಿತ್ತು. ಮಾತಾಡದವರಿಗೆ ಪಾಸಿಲ್ಲ. ಬಾಯಿ ಕಟ್ಟಿಹೋದರೆ ಕಾಲೇಜಿಗೇ ಕೈಮುಗಿದುಬಿಡುತ್ತೇನೆ ಎಂದು ಸೊಸೆಗೆ ಹೇಳಿಯೇ ಹೊರಟಳು. ಅಲ್ಲಿ ಪುಸ್ತಕ ಬಿಚ್ಚಿದರೆ ಒಂದು ಗೆರೆಯೂ ಇಲ್ಲ. ಚೀಲದಲ್ಲಿ ಉಜ್ಜಿ ಉಜ್ಜಿ ಎಲ್ಲ ಅಳಿಸಿಹೋಗಿತ್ತು.

ಇನ್ನೇನು ಮಾಡುವುದು, ನೆನಪಿನಿಂದಲೇ ಹೇಳಿದಳು. ಗುಲಾಮಳಾಗಿದ್ದ ತಾಯಿಯೊಬ್ಬಳು, ಒಡೆಯ ಮಾರಿಬಿಟ್ಟ ತನ್ನ ಮಗನಿಗೆ ವರ್ಷ ವರ್ಷ ಅಂಗಿ ಹೊಲಿಯುತ್ತಾಳೆ. ಅಳತೆಯಿಲ್ಲ, ಈಗ ಇಷ್ಟು ಬೆಳೆದಿರಬಹುದೆಂಬ ಅಂದಾಜು ಅಷ್ಟೆ. ಒಂದು ಅಂಗಿ ಊರೂರು ತಿರುಗಿ, ಚೀನಾದಿಂದ ಬಂದ ಹೆಂಗಸಿನ ಇಸ್ತ್ರಿ ಅಂಗಡಿ ಸೇರುತ್ತದೆ. ಹೊಲಿಗೆ ನೋಡಿಯೇ ಇದು ತಾಯಿ ಕೈಯದು ಎಂದು ಕಂಡುಕೊಂಡ ಅವಳು ಅದನ್ನು ಮಗನಿಗೆ ಮುಟ್ಟಿಸುತ್ತಾಳೆ.

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅವಳ ಮಗಳ ವಯಸ್ಸಿನ ಲೆಕ್ಚರರ್ ಮಾತ್ರ ನಗಲಿಲ್ಲ.

"ಅಮ್ಮಾ, ಅವು ಎರಡು ಬೇರೆ ಪುಸ್ತಕ. ಆ ಹೆಂಗಸರಿಬ್ಬರೂ ಒಬ್ಬರನ್ನೊಬ್ಬರು ನೋಡೇ ಇಲ್ಲ."

"ಹಾಗಾದ್ರೆ ಮಗನಿಗೆ ಅಂಗಿ?"

"ಸಿಗಲ್ಲಮ್ಮ. ಎಲ್ಲಾ ಪೆಟ್ಟಿಗೆಯಲ್ಲೇ ಉಳಿದುಬಿಡುತ್ತೆ."

ಟೈಲರಮ್ಮ ಪುಸ್ತಕ ಮುಚ್ಚಿ ಕೂತಳು. ಮುಂದಿನ ವಾರ ಇನ್ನೊಮ್ಮೆ ಹೇಳಿ ಎಂದು ಲೆಕ್ಚರರ್ ಅಂದದ್ದು ಅರ್ಧಂಬರ್ಧ ಕೇಳಿಸಿತು.

ಮನೆಗೆ ಬಂದವಳೇ, ಆ ಪೆಟ್ಟಿಗೆಯ ಭಾಗವನ್ನು ಯಾಕೆ ಓದಲಿಲ್ಲ ಎಂದು ಸೊಸೆಯ ಮೇಲೆ ಹರಿಹಾಯ್ದಳು.

"ಓದಿದ್ದೆ ಅತ್ತೆ. ನೀವು ಯೂನಿಫಾರಂ ರಾಶಿ ಹೊಲೀತಿದ್ರಿ. ಆ ಸದ್ದಲ್ಲಿ ನಿಮಗೆ ಬೇಕಾದ್ದು ಕೇಳಿಸ್ಕೊಂಡ್ರಿ."

ಆಗ ಟೈಲರಮ್ಮ ಪೆಡಲಿನಿಂದ ಕಾಲು ತೆಗೆದು, ಕೈಯನ್ನು ಮಡಿಲಲ್ಲಿಟ್ಟುಕೊಂಡು, ಸೊಸೆ ಮತ್ತೆ ಓದಿದ್ದನ್ನು ಕೇಳಿದಳು. ತಾಯಿ ಸತ್ತ ಮೇಲೆ ಪೆಟ್ಟಿಗೆ ತೆರೆದವರು ಅಂಗಿಗಳನ್ನು ಸಾಲಾಗಿ ಹಾಸುತ್ತಾರೆ, ಎಳೆಗೂಸಿನದರಿಂದ ಹಿಡಿದು ಆಳೆತ್ತರದ್ದರವರೆಗೆ. ಯಾವುದಕ್ಕೂ ಬೆವರಿನ ವಾಸನೆಯಿಲ್ಲ. ಕಥೆ ಬರೆದವಳು ಇಷ್ಟಕ್ಕೇ ನಿಲ್ಲಿಸಿದ್ದಳು.

ಟೈಲರಮ್ಮ ಅಂದುಕೊಂಡಳು: ಮಗನಿಗೆ ಮುಟ್ಟಿಸುವುದು ಬರೆಯುವವಳ ಕೈಯಲ್ಲೇ ಇತ್ತಲ್ಲ. ಮುಟ್ಟಿಸಲಿಲ್ಲ. ಅದಕ್ಕೆ ಎಂಥ ಎದೆ ಬೇಕು!

ಮುಂದಿನ ವಾರ ಕ್ಲಾಸಿನಲ್ಲಿ ಅದನ್ನೇ ಹೇಳಿದಳು, ಯಾರನ್ನೂ ಯಾರಿಗೂ ಸೇರಿಸದೆ. ಈ ಸಲ ಹಿಂದಿನ ಬೆಂಚಿನವರೂ ಕಿವಿಗೊಟ್ಟು ಕೇಳಿದರು. ಪಾಸೂ ಆಯಿತು.

ಅಮೆರಿಕ ಹೇಗಿತ್ತಮ್ಮ ಎಂದು ಗಂಡ ಕೆಣಕಿದ.

"ಇನ್ನೂ ಬಾಗಿಲಲ್ಲೇ ಇದ್ದೀನಿ ಕಣ್ರೀ," ಅಂದಳು.