ಬೆಸ ಮಂಕು, ಸಮ ಮಂಕು

ಗಾಜಕ್ಕನಿಗೆ ನಕ್ಷತ್ರಗಳೆಂದರೆ ಕಪ್ಪು. ಆಕಾಶದಲ್ಲಿ ಅವು ಹೊಳೆಯುತ್ತವೆ ಎಂಬುದನ್ನು ಅವಳೇನೂ ಅಲ್ಲಗಳೆಯುವುದಿಲ್ಲ. ಒಂಬತ್ತಕ್ಕೆಲ್ಲ ಗೊರಕೆ ಹೊಡೆಯುವವಳಿಗೆ ಅದರ ಗೊಡವೆ ಇಲ್ಲ, ಅಷ್ಟೆ. ಅವಳ ನಕ್ಷತ್ರಗಳು ವೀಕ್ಷಣಾಲಯದ ಕೆಳಮಹಡಿಯಲ್ಲಿ ಗಾಜಿನ ಫಲಕಗಳ ಮೇಲೆ ಕರಿ ಚುಕ್ಕೆಗಳಾಗಿ ಕೂತಿವೆ. ದುರ್ಬೀನಿನಲ್ಲಿ ತೆಗೆದ ಚಿತ್ರ ಗಾಜಿನ ಮೇಲೆ ತಿರುವುಮುರುವಾಗಿ ಮೂಡುತ್ತದೆ: ಬಾನು ಬೆಳ್ಳಗೆ, ತಾರೆ ಕಪ್ಪಗೆ. ಬೆಳಕು ಹೆಚ್ಚಿದ್ದಷ್ಟೂ ಚುಕ್ಕೆ ದಪ್ಪ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಈ ಗಾಜುಗಳ ಧೂಳು ಒರೆಸಲು ಸೇರಿಕೊಂಡವಳು ಅವಳು. ಒಂದು ದಿನ ಒರೆಸುತ್ತಾ, ನಿನ್ನೆಯ ಗಾಜಿನಲ್ಲಿ ಈ ಚುಕ್ಕೆ ಇನ್ನೂ ದಪ್ಪ ಇತ್ತಲ್ಲ ಎಂದು ತನ್ನಷ್ಟಕ್ಕೇ ಗೊಣಗಿದ್ದು ಅಂದಿನ ಮುಖ್ಯಸ್ಥರ ಕಿವಿಗೆ ಬಿತ್ತು. ಅವತ್ತೇ ಕೈಯಿಂದ ಒರೆಸುವ ಬಟ್ಟೆ ಹೋಗಿ ಭೂತಗನ್ನಡಿ ಬಂತು. ಅದಾಗಿ ಮೂವತ್ತೊಂದು ವರ್ಷ. ಕೆಲಸ ಹೇಳುವುದಕ್ಕೇನೋ ಸುಲಭ. ಬೆಳಕು ಬದಲಾಗದ, ಒಂದು ಹೆಚ್ಚು ಒಂದು ಕಡಿಮೆ ಬೆಳಗುವ ಎರಡು ತಾರೆಗಳನ್ನು ಪಕ್ಕದಲ್ಲಿ ಹಿಡಿದು, ಅವುಗಳ ಬೆಳಕಿನ ಅಂತರವನ್ನು ಹತ್ತು ಪಾಲು ಮಾಡಿಕೊಂಡು, ನಮಗೆ ಬೇಕಾದ ತಾರೆ ಎಷ್ಟು ಪಾಲು ಮಂಕು ಎಂದು ಬರೆಯಬೇಕು. ಫಲಕಗಳನ್ನು ತಾರೀಕು ಮುಚ್ಚಿ, ಹಿಂದುಮುಂದು ಕಲಸಿ, ಬರೀ ಒಂದು ಚೀಟಿ ಸಂಖ್ಯೆ ಅಂಟಿಸಿ ಅವಳ ಮುಂದಿಡುತ್ತಾರೆ. ತಾರೀಕು ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ಕಾಣುತ್ತದೆ ಎಂದು ಅಲ್ಲಿನ ಕಟ್ಟುನಿಟ್ಟು.

ಈ ವರ್ಷ ಮೇಷ್ಟ್ರು ಹಿಡಿದದ್ದು ಒಂದು ಜೋಡಿ ನಕ್ಷತ್ರವನ್ನು. ಮೇಷ್ಟ್ರು ಎಂದರೆ ಶಾಲೆಯವರಲ್ಲ. ಏನು ಕೇಳಿದರೂ ಸೀಮೆಸುಣ್ಣ ಹಿಡಿದು ಹಲಗೆಯತ್ತ ಓಡುವ ಖಗೋಳ ವಿಜ್ಞಾನಿ, ಗಾಜಕ್ಕನಿಗಿಂತ ಹತ್ತು ವರ್ಷ ಚಿಕ್ಕವರು. ಜೋಡಿ ಎಷ್ಟು ಒತ್ತಾಗಿ ಸುತ್ತುತ್ತದೆಂದರೆ ಯಾವ ದುರ್ಬೀನಿಗೂ ಬಿಡಿಸಿ ಕಾಣದು. ಗಾಜಿನ ಮೇಲೆ ಒಂದೇ ಚುಕ್ಕೆ. ಹದಿನೆಂಟು ಗಂಟೆಗೊಮ್ಮೆ ಆ ಚುಕ್ಕೆ ಮಂಕಾಗುತ್ತದೆ. ಬೆಳಕಿಲ್ಲದ ಒಂದು ತಾರೆ ಬೆಳಗುವ ತಾರೆಗೆ ಅಡ್ಡ ಬರುತ್ತಿದೆ, ಆದ್ದರಿಂದ ಒಂದು ಸುತ್ತಿಗೆ ಹದಿನೆಂಟು ಗಂಟೆ ಎಂದು ಮೇಷ್ಟ್ರು ಲೆಕ್ಕ ಹಾಕಿದ್ದರು. ಸುತ್ತಿನ ಕಾಲವೊಂದು ಸಿಕ್ಕರೆ ಅದರ ಬೆನ್ನು ಹತ್ತಿ ಗಾತ್ರ, ತೂಕ, ಬಿಸಿ ಎಲ್ಲವನ್ನೂ ಅಂದಾಜು ಮಾಡಬಹುದು. ಅಳತೆಪಟ್ಟಿ ಇಲ್ಲದೆ, ತಕ್ಕಡಿ ಇಲ್ಲದೆ, ಕೂತಲ್ಲೇ!

ಆದರೆ ಅಡ್ಡ ಬರುವುದು ಅದೇ ತಾರೆಯಾದರೆ ಪ್ರತಿ ಸಲವೂ ಮಂಕು ಒಂದೇ ಸಮ ಇರಬೇಕಲ್ಲ? ಗಾಜಕ್ಕನ ಪುಸ್ತಕದಲ್ಲಿ ಒಮ್ಮೆ ಎಂಟು ಪಾಲು, ಒಮ್ಮೆ ಆರು. ಗುರುವಾರ ಬೆಳಿಗ್ಗೆ ಮೇಷ್ಟ್ರು ಬಾಗಿಲು ಹಾಕಿಕೊಂಡು ಬಂದು, ಬಹಳ ಮೆತ್ತಗೆ, ವಯಸ್ಸು ಯಾರನ್ನೂ ಬಿಡುವುದಿಲ್ಲ ಎಂದರು. ಸೋಮವಾರದಿಂದ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಕೆಲಸ, ಸಂಬಳ ಅದೇ, ಫ್ಯಾನೂ ಇದೆ ಎಂದರು. ಗದರಿದ್ದರೆ ಅವಳೂ ನಾಲ್ಕು ಮಾತು ಆಡುತ್ತಿದ್ದಳು. ಆ ಮೆತ್ತನೆಯ ದನಿಗೆ ತಲೆಯಾಡಿಸಿಬಿಟ್ಟಳು.

ಸಂಜೆ ಮನೆಯಲ್ಲಿ ಗಂಡನ ಅಂಗಿಗೆ ಗುಂಡಿ ಹೊಲಿಯಲು ಕೂತಳು. ಮೂರು ಸಲವೂ ದಾರ ಸೂಜಿಯ ಕಣ್ಣಿಗೆ ಹೋಗಲಿಲ್ಲ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕಾದ ಗಂಡ ಬೇರೆ ದಿನವಾಗಿದ್ದರೆ ಹಾಸ್ಯ ಮಾಡಿಬಿಡುತ್ತಿದ್ದ. ಅವತ್ತು ತುಟಿಪಿಟಕ್ಕೆನ್ನದೆ ಸೂಜಿ ಇಸಿದುಕೊಂಡು ದಾರ ಪೋಣಿಸಿ ಕೊಟ್ಟ. ಗಾಜಕ್ಕನಿಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ.

ಶುಕ್ರವಾರ ಬಂದವಳೇ, ಯಾವ ಚೀಟಿ ಯಾವ ತಾರೀಕಿನದು ಎಂದು ಬರೆದಿದ್ದ ಮೇಷ್ಟ್ರ ಪಟ್ಟಿಯನ್ನು ಕೇಳಿ ಇಸಿದುಕೊಂಡಳು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಕಟ್ಟುನಿಟ್ಟು ಮುರಿದಿದ್ದಳು. ತಾನು ಎಲ್ಲೆಲ್ಲಿ ಎಡವಿದ್ದೇನೆಂದು ತಿಳಿದುಕೊಂಡಾದರೂ ಹೋಗೋಣ ಎಂಬ ಹಟ. ಮೊದಲ ಮಂಕಿನಿಂದ ಎಣಿಸಿ ಪ್ರತಿಯೊಂದಕ್ಕೂ ಮೇಷ್ಟ್ರು ಕ್ರಮಸಂಖ್ಯೆ ಕೊಟ್ಟಿದ್ದರು. ಅದರ ಎದುರಿಗೆ ತನ್ನ ಪಾಲುಗಳನ್ನು ಬರೆಯುತ್ತಾ ಹೋದಳು. ಏಳನೆಯ ಮಂಕು, ಎಂಟು. ಇಪ್ಪತ್ತೆರಡನೆಯದು, ಆರು. ಮೂವತ್ತೊಂದನೆಯದು, ಎಂಟು. ಐವತ್ತನೆಯದು, ಆರು. ಹತ್ತು ಬರೆದವಳು ಮತ್ತೆ ಮೇಲಿಂದ ಓದಿ ನೋಡಿದಳು. ಬೆಸ ಸಂಖ್ಯೆಗೆಲ್ಲ ಎಂಟು, ಸಮ ಸಂಖ್ಯೆಗೆಲ್ಲ ಆರು! ಮೂವತ್ತನಾಲ್ಕು ಫಲಕಗಳಲ್ಲಿ ಮಾತು ಮೀರಿದ್ದು ಒಂದೇ ಒಂದು, ನೂರ ನಾಲ್ಕನೆಯದು, ಸಮವಾಗಿದ್ದೂ ಎಂಟು. ಸಂತೋಷಕ್ಕೆ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಯಾವ ಮಂಕು ಎಷ್ಟನೆಯದೆಂದು ಅವಳ ಕಣ್ಣಿಗೆ ಗೊತ್ತಿರಲೇ ಇಲ್ಲವಲ್ಲ! ಕೆಟ್ಟ ಕಣ್ಣಾಗಿದ್ದರೆ ಹೇಗೆಂದರೆ ಹಾಗೆ ಕೆಡಬೇಕಿತ್ತು.

ಮೇಷ್ಟ್ರು ಟೀ ಕುಡಿಯುತ್ತಿದ್ದರು. ಲೋಟ ಕೆಳಗಿಡಿಸಿ, ಹೆಚ್ಚುಕಡಿಮೆ ಕೈ ಹಿಡಿದೇ ಎಳೆದುಕೊಂಡು ಬಂದು, ಫಲಕ ಇಟ್ಟು ನೋಡುವ ದೀಪದ ಮೇಜಿನ ಮುಂದೆ ಕೂರಿಸಿದಳು. ಏನನ್ನೂ ವಿವರಿಸಲಿಲ್ಲ. ನೀವೇ ನೋಡಿ, ನೀವೇ ಹೇಳಿ ಎಂದಳು. ತನಗೆ ಎದುರಾಗಿದ್ದ ನೂರ ನಾಲ್ಕನೆಯದನ್ನೇ ಮೊದಲು ಇಟ್ಟಳು, ತಾರೀಕು ಮುಚ್ಚಿ. ಮೇಷ್ಟ್ರು ಭೂತಗನ್ನಡಿಗೆ ಬಗ್ಗಿ ಬಹಳ ಹೊತ್ತು ನೋಡಿ, ಆರು ಎಂದರು.

"ಅದೊಂದು ನನ್ನ ತಪ್ಪು," ಎಂದು ಗಾಜಕ್ಕ ಬರೆದುಕೊಂಡಳು. "ಮುಂದಿನದು ನೋಡಿ."

ಎಂಟು ಎಂದರು. ಆರು ಎಂದರು. ಮತ್ತೆ ಆರು, ಎಂಟು, ಎಂಟು. ಹದಿನೈದು ಫಲಕ ಮುಗಿಯುವಷ್ಟರಲ್ಲಿ ತಮ್ಮ ಕಣ್ಣಿಗೂ ಏನೋ ಆಗಿದೆ ಎಂದು ಮೇಷ್ಟ್ರಿಗೆ ದಿಗಿಲಾಗಿತ್ತು. ಆಗ ಗಾಜಕ್ಕ ಅವರು ಹೇಳಿದ್ದನ್ನು ಬರೆದ ಹಾಳೆಯನ್ನು ಅವರತ್ತ ತಿರುಗಿಸಿದಳು. ಎಡಗಡೆ ಬೆಸ, ಬಲಗಡೆ ಸಮ. ಎಡಗಡೆ ಒಂದೇ ಒಂದು ಆರೂ ಇರಲಿಲ್ಲ, ಬಲಗಡೆ ಒಂದೇ ಒಂದು ಎಂಟೂ ಇರಲಿಲ್ಲ.

ಮೇಷ್ಟ್ರು ಬೆರಳಿಟ್ಟು ಎರಡು ಸಾಲನ್ನೂ ಓದಿದರು. ಆಮೇಲೆ ಎದ್ದು ಹಲಗೆಯತ್ತ ಓಡಿದ ರಭಸಕ್ಕೆ ಸ್ಟೂಲು ಉರುಳಿತು. ಕತ್ತಲ ತಾರೆ ಅನ್ನುವುದೇ ಇಲ್ಲ, ಎರಡೂ ಬೆಳಗುವವೇ! ಹೆಚ್ಚು ಬಿಸಿಯದು ಮರೆಯಾದಾಗ ಎಂಟು, ಕಡಿಮೆ ಬಿಸಿಯದು ಮರೆಯಾದಾಗ ಆರು. ಒಂದು ಸುತ್ತಿಗೆ ಎರಡು ಮಂಕು, ಅಂದರೆ ಸುತ್ತಿಗೆ ಹದಿನೆಂಟಲ್ಲ, ಮೂವತ್ತಾರು ಗಂಟೆ. ಮೊದಲೇ ಅಳೆದಿಟ್ಟಿದ್ದ ಅದೇ ವೇಗದಲ್ಲಿ ಎರಡರಷ್ಟು ಹೊತ್ತು ಸುತ್ತುತ್ತವೆಂದರೆ ದಾರಿಯೂ ಎರಡರಷ್ಟು ಉದ್ದ. ಗಾತ್ರ ಹೋಯಿತು, ತೂಕ ಹೋಯಿತು, ತಿಂಗಳುಗಟ್ಟಲೆ ಮಾಡಿದ್ದೆಲ್ಲ ಹೋಯಿತು ಎಂದು ಅವರು ಒಂದೊಂದನ್ನೇ ಅಂಗೈಯಿಂದ ಅಳಿಸುತ್ತಿದ್ದರು. ಅಳಿಸುವಾಗ ನಗುತ್ತಿದ್ದರು. ಗಾಜಕ್ಕನಿಗೂ ನಗು ಬಂತು. ಆದರೆ ಸೋಮವಾರದ ಮಾತು ಇನ್ನೂ ಬಾಕಿ ಇತ್ತು.

"ಮೇಷ್ಟ್ರೇ, ಸೋಮವಾರ ನಾನು ಎಲ್ಲಿ ಕೂರ್ಬೇಕು?"

ಮೇಷ್ಟ್ರ ನಗು ನಿಂತಿತು. ಅವರು ಬಂದು ಉರುಳಿದ್ದ ಸ್ಟೂಲನ್ನು ಎತ್ತಿ ಅವಳ ಮೇಜಿನ ಮುಂದೆ ನೆಟ್ಟಗೆ ನಿಲ್ಲಿಸಿದರು.

"ಇಲ್ಲೇ," ಎಂದರು. "ಒಳಗೆ ಇನ್ನೂ ನಲವತ್ತು ಜೋಡಿ ಇದಾವೆ ಗಾಜಕ್ಕ. ಅಷ್ಟರದ್ದೂ ಲೆಕ್ಕ ಹಾಕಿರೋದು ನಾನೇ."